ವಿಜಾಪುರ ದಕ್ಷಿಣ: ಮೂರು ಚುನಾವಣೆ ಕಂಡು ಮರೆಯಾದ ನಮ್ಮ ಮತಕ್ಷೇತ್ರ

ನಮ್ಮ ಸಂಘದ ಬೆಳ್ಳಿ ಹಬ್ಬದ ಈ ಸ್ಮರಣ ಸಂಚಿಕೆಗೆ ಬೀಜ, ಗೊಬ್ಬರ, ಬೆಳೆಸಾಲದ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾವು ಬೇರೆ ಒಂದು ವಿಷಯ ಹಿಡಿದಿದ್ದೇವೆ. ಕಟ್ಟೆಯ ಮ್ಯಾಲೆ ಕುಂತವರನ್ನು "ವಿಜಾಪುರ ದಕ್ಷಿಣ ಅಂದರ ಯಾವ ಸೀಮೆ?" ಅಂತ ಕೇಳಿದರೆ ಈಗಿನ ಹುಡುಗರು ಮುಖ ಮುಖ ನೋಡುತ್ತಾರೆ. ಅದು ನಮ್ಮದೇ ಸೀಮೆ. ಸ್ವತಂತ್ರ ಭಾರತದ ಮೊದಲ ಲೋಕಸಭೆಗೆ ನಮ್ಮ ಹಿರಿಯರು ಓಟು ಹಾಕಿದ್ದು ಆ ಹೆಸರಿನ ಮತಕ್ಷೇತ್ರದಿಂದ. 1952, 1957, 1962, ಹೀಗೆ ಮೂರೇ ಸಾರ್ವತ್ರಿಕ ಚುನಾವಣೆ. ಆಮೇಲೆ ಆ ಹೆಸರು ಹೋಯಿತು, ಬಾಗಲಕೋಟೆ ಎಂಬ ಹೆಸರು ಬಂತು.

ಹೆಸರು ಬದಲಾದರೆ ಏನಾತು, ಅದರಾಗೇನು ಇತಿಹಾಸ ಅಂತ ಕೇಳಬಹುದು. ನಮಗನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಬಾಗಲಕೋಟೆ ಎಂಬ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಬಾಗಲಕೋಟೆ ಎಂಬ ಲೋಕಸಭಾ ಕ್ಷೇತ್ರ ಬಂದದ್ದು 1967ರಲ್ಲಿ. ಅಂದರೆ ಜಿಲ್ಲೆಗಿಂತ ಕ್ಷೇತ್ರ ಮೂವತ್ತು ವರ್ಷ ಹಿರಿಯದು. ಹೊಳೆಯ ಈಚೆ ದಂಡೆಯವರು ತಾವೇ ಒಂದು ಸೀಮೆ ಅಂತ ಸರಕಾರದ ಕಾಗದದಾಗ ಮೊದಲು ಕಂಡದ್ದು ಈ ಮತಕ್ಷೇತ್ರದ ಮೂಲಕವೇ.

ಹೊಳೆ ಅಂದರೆ ಕೃಷ್ಣೆ. ನಾವು ಕಮತಗಿಯವರು ಮಲಪ್ರಭೆಯ ಮಂದಿ ಖರೆ, ಆದರೆ ಕಚೇರಿ ಕೆಲಸಕ್ಕೆ ಹೋಗುವಾಗ ದಾಟಬೇಕಾದದ್ದು ಕೃಷ್ಣೆಯನ್ನ. ಹುನಗುಂದ ತಾಲೂಕಿನ ರೈತನಿಗೆ ಭೂಮಿಯ ಅಪೀಲು ಇರಲಿ, ಕಲೆಕ್ಟರ ಸಾಹೇಬರ ಭೇಟಿ ಇರಲಿ, ವಿಜಾಪುರಕ್ಕೇ ಹೋಗಬೇಕಿತ್ತು. ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲೇ ಧರ್ಮಶಾಲೆಯಲ್ಲಿ ಮಲಗಿ, ಮರುದಿನ ಕೆಲಸವಾಗದೆ ತಿರುಗಿ ಬಂದ ಕಥೆ ನಮ್ಮಲ್ಲಿ ಮನೆಗೊಂದು ಇದೆ. (ವಿಜಾಪುರದವರ ಹತ್ತಿರ "ಕಮತಗಿಯವರು" ಅಂದರೆ, ಅವರ ಊರಿನ ಸಮೀಪದ, ಆದಿಲಶಾಹಿ ನೀರಿನ ಮಹಲಿನ ಕುಮಟಗಿ ಅಂತ ತಿಳಿಯುವವರೇ ಹೆಚ್ಚು. ಈ ತಕರಾರು ಇವತ್ತಿಗೂ ಮುಗಿದಿಲ್ಲ.)

ತಮಾಷೆಯ ಮಾತೆಂದರೆ ಜಿಲ್ಲೆಯ ಗದ್ದಿಗೆ ಒಂದು ಕಾಲಕ್ಕೆ ನಮ್ಮ ದಂಡೆಯಲ್ಲೇ ಇತ್ತು. 1864ರಲ್ಲಿ ಇಂಗ್ಲಿಷರು ಮಾಡಿದ್ದು ಕಲಾದಗಿ ಜಿಲ್ಲೆ. ಕಲಾದಗಿ ಬಾಗಲಕೋಟೆ ಮಗ್ಗಲದ ಊರು. 1885ರಲ್ಲಿ ಜಿಲ್ಲಾ ಕಚೇರಿಯನ್ನು ವಿಜಾಪುರಕ್ಕೆ ಒಯ್ದರು. ಅಲ್ಲಿಂದ 1997ರವರೆಗೆ, ಲೆಕ್ಕ ಹಾಕಿದರೆ 112 ವರ್ಷ, ನಾವು ಹೊಳೆ ದಾಟಿದೆವು.

ಇನ್ನು ಓಟಿನ ಮಾತು. ಇಂಗ್ಲಿಷರ ಕಾಲದಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1937ರಲ್ಲಿ ಮುಂಬಯಿ ಶಾಸನಸಭೆಗೆ ಚುನಾವಣೆ ನಡೆದಾಗ ಎಲ್ಲರಿಗೂ ಓಟು ಇರಲಿಲ್ಲ. ಫಾಳಾ ತುಂಬುವವರು, ಇಂತಿಷ್ಟು ಆಸ್ತಿ ಇದ್ದವರು, ಓದು ಬರಹ ಬಲ್ಲವರು, ಇಂಥವರಿಗೆ ಮಾತ್ರ. ಕೂಲಿ ಮಾಡುವವನಿಗೆ, ಮಗ್ಗದ ಮುಂದೆ ಕುಂತ ಬಡ ನೇಕಾರನಿಗೆ, ಹೊಲ ಕಳೆಯುವ ಹೆಣ್ಣುಮಗಳಿಗೆ ಓಟು ಎಲ್ಲಿಂದ ಬರಬೇಕು? ಇಲ್ಲಿ ನಾವು ಸಹಕಾರಿಗಳು ಒಂದು ಮಾತನ್ನು ಅಭಿಮಾನದಿಂದ ಹೇಳಬಹುದು. 1904ರ ಕಾಯಿದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಓಟು ಎಂಬುದು ಸಹಕಾರದ ಪದ್ಧತಿ. ದಿಲ್ಲಿಯ ಚುನಾವಣೆಗೆ ಆ ಪದ್ಧತಿ ಬರಬೇಕಾದರೆ ಮುಂದೆ ಸುಮಾರು ಐವತ್ತು ವರ್ಷ ಹಿಡಿಯಿತು.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿತ್ತು. ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು. ಒಂದು ಊರು ಇಂಗ್ಲಿಷರದು, ಮಗ್ಗಲದ ಊರು ರಾಜರದು. ಮಗಳನ್ನು ಕೊಟ್ಟು ತರುವುದು, ಸಂತೆ, ಜಾತ್ರೆ ಎಲ್ಲಾ ಕೂಡಿಯೇ ನಡೆದರೂ ಆಡಳಿತ ಬೇರೆ, ಕಾಯಿದೆ ಬೇರೆ. ಸಂಸ್ಥಾನದವರಿಗೆ ಮುಂಬಯಿ ಶಾಸನಸಭೆಯ ಓಟಿನ ಸಂಬಂಧವೇ ಇರಲಿಲ್ಲ. 1948ರಲ್ಲಿ ಎರಡೂ ಸಂಸ್ಥಾನ ವಿಲೀನವಾದವು. ಜಮಖಂಡಿಯ ವಿಲೀನದ ವೇಳೆಗೆ ಅಲ್ಲಿ ಮುಖ್ಯಮಂತ್ರಿಯಾಗಿದ್ದವರು ಸಾವಳಗಿಯ ಬಿ.ಡಿ. ಜತ್ತಿಯವರು. ಮುಂದೆ ಇವರೇ ದೇಶದ ಉಪರಾಷ್ಟ್ರಪತಿಗಳಾದರು. 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಗಳೂ ಆಗಿದ್ದರು.

ಹೀಗೆ 1952ಕ್ಕೆ ಬರುವಾಗ ಜಿಲ್ಲೆಯನ್ನು ಲೋಕಸಭೆಗಾಗಿ ಎರಡು ಹೋಳು ಮಾಡಿದರು. ಹೆಚ್ಚು ಕಡಿಮೆ ಕೃಷ್ಣೆಯ ಆಚೆಯದು ವಿಜಾಪುರ ಉತ್ತರ, ಈಚೆಯದು ವಿಜಾಪುರ ದಕ್ಷಿಣ. ಹುನಗುಂದ, ಬಾಗಲಕೋಟೆ, ಬದಾಮಿಯ ಹಳೆ ಇಂಗ್ಲಿಷ್ ಮುಲುಕಿನವರೂ ಜಮಖಂಡಿ, ಮುಧೋಳದ ಸಂಸ್ಥಾನದ ಮಂದಿಯೂ ಮೊದಲ ಸಲ ಒಬ್ಬನೇ ಪ್ರತಿನಿಧಿಯನ್ನು ಕೂಡಿ ಆರಿಸಿದರು. ನಮ್ಮ ಮಟ್ಟಿಗೆ ಈ ಕ್ಷೇತ್ರದ ಮೊದಲ ದೊಡ್ಡ ಕೆಲಸ ಇದೇ. ಗೆರೆ ಕೊರೆದ ಅಧಿಕಾರಿಗೆ ಅದು ಬರೇ ಜನಸಂಖ್ಯೆಯ ಲೆಕ್ಕ ಇರಬಹುದು, ನಮ್ಮವರಿಗೆ ಅದು ಒಂದು ಬಳಗ ಆದಂತೆ.

ಆ ಮೊದಲ ಚುನಾವಣೆ ಹೇಗೆ ನಡೆಯಿತು ಎಂಬುದನ್ನು ಈಗಿನವರು ತಿಳಿಯಬೇಕು. ಈಗಿನಂತೆ ಯಂತ್ರ ಇಲ್ಲ, ಸಿಕ್ಕಾ ಹೊಡೆಯುವುದೂ ಇಲ್ಲ. ನಿಂತ ಒಬ್ಬೊಬ್ಬರಿಗೂ ಒಂದೊಂದು ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮ್ಯಾಲೆ ಅವರ ಗುರುತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು. ಓಟಿನ ಚೀಟಿಯ ಮೇಲೆ ಏನೂ ಬರೆಯುವಂತಿಲ್ಲ. ಪರದೆಯ ಹಿಂದೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರುವುದು, ಅಷ್ಟೇ. ಲೋಕಸಭೆಗೆ ಒಂದು ಚೀಟಿ, ವಿಧಾನಸಭೆಗೆ ಒಂದು ಚೀಟಿ. ಎತ್ತಿನ ಮ್ಯಾಲೇ ಬದುಕು ನಡೆಸುವ ಒಕ್ಕಲಿಗನಿಗೆ ಜೋಡೆತ್ತಿನ ಪೆಟ್ಟಿಗೆ ಕಂಡರೆ ಕೈ ಎತ್ತಲಾಗ ಹೋಗುತ್ತದೆ, ನೀವೇ ಹೇಳ್ರಿ. ಚೀಟಿಯ ಮೇಲೆ ಗುರುತು ಹಾಕುವ ಪದ್ಧತಿ ಸಾರ್ವತ್ರಿಕ ಚುನಾವಣೆಗೆ ಬಂದದ್ದು 1962ರಲ್ಲಿ. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಕಾರಖಾನೆಯಿಂದ ದೇಶಕ್ಕೆಲ್ಲ ಹೋಗಹತ್ತಿದ್ದೂ ಅದೇ ವರ್ಷ. ಯಂತ್ರ ದೇಶದ ತುಂಬ ಬಂದದ್ದು 2004ರ ಲೋಕಸಭೆ ಚುನಾವಣೆಗೆ.

ಹೆಣ್ಣುಮಕ್ಕಳ ಓಟಿನ ಬಗ್ಗೆಯೂ ಒಂದು ಮಾತು. ಮೊದಲ ಯಾದಿ ತಯಾರಿಸುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋದವು. ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ, ಇಂಥವರ ತಾಯಿ" ಅಂತ ಬರೆಸಿದ್ದಕ್ಕೆ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಅಂಥ ಹೆಸರು ತೆಗೆಸಿದರು. ಅವು ಹೆಚ್ಚಾಗಿ ಉತ್ತರದ ಪ್ರಾಂತಗಳವು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಒಡಪಿನಲ್ಲಿ ಬಿಟ್ಟರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಯಾದಿಯಲ್ಲಿ ಗಂಡನ ಹೆಸರೂ ಬೇಕಲ್ಲ! ಬರೆದುಕೊಳ್ಳುವವನ ಮುಂದೆ ಮಗ್ಗಲಮನೆಯವಳು ಹೇಳಿಕೊಡಬೇಕು. ಇದನ್ನು ನೆನೆಸಿಕೊಂಡು ನಗುವ ಅಜ್ಜಿಯರು ಮೊನ್ನೆ ಮೊನ್ನೆಯವರೆಗೂ ಇದ್ದರು.

1952ರಲ್ಲಿ ವಿಜಾಪುರ ದಕ್ಷಿಣದಿಂದ ಆರಿಸಿ ಬಂದವರು ಕಾಂಗ್ರೆಸ್ಸಿನ ರಾಮಪ್ಪ ಬಾಳಪ್ಪ ಬಿದರಿಯವರು. 1957ರಲ್ಲಿ ಮತ್ತೆ ಅವರೇ. ಇದರಲ್ಲಿ ಒಂದು ವಿಶೇಷವಿದೆ. ಮೊದಲ ಸಲ ಅವರು ಲೋಕಸಭೆಯಲ್ಲಿ ಕುಂತದ್ದು ಮುಂಬಯಿ ರಾಜ್ಯದ ಸದಸ್ಯರಾಗಿ, ಎರಡನೇ ಸಲ ಮೈಸೂರು ರಾಜ್ಯದ ಸದಸ್ಯರಾಗಿ. ಮನುಷ್ಯ ಅವರೇ, ಕ್ಷೇತ್ರದ ಹೆಸರೂ ಅದೇ, ರಾಜ್ಯ ಮಾತ್ರ ಬೇರೆ. ನಡುವೆ 1956ರ ನವೆಂಬರ್ 1ರಂದು ಏಕೀಕರಣವಾಗಿ ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರ ಈ ನಾಲ್ಕೂ ಜಿಲ್ಲೆಗಳು ಮುಂಬಯಿ ಬಿಟ್ಟು ಕನ್ನಡ ರಾಜ್ಯಕ್ಕೆ ಬಂದವು. ಏಕೀಕರಣದ ಬಗ್ಗೆ ದೊಡ್ಡ ದೊಡ್ಡ ಪುಸ್ತಕ ಬಂದಿವೆ. ನಮಗೆ ಮಾತ್ರ ಬಿದರಿಯವರ ಈ ಎರಡು ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಆ ಕಾಲ ಕಣ್ಣ ಮುಂದೆ ನಿಲ್ಲುತ್ತದೆ. ಅದೇ 1957ರಲ್ಲಿ ಹೊಳೆಯ ಆಚೆ ವಿಜಾಪುರ ಉತ್ತರದವರು ಪಕ್ಷೇತರರಾದ ಸುಗಂಧಿಯವರನ್ನು ಆರಿಸಿದರು. ಈಚೆಯವರು ಜೋಡೆತ್ತು ಬಿಡಲಿಲ್ಲ.

ಮೂರನೆಯ ಮತ್ತು ಕೊನೆಯ ಚುನಾವಣೆ 1962ರದು. ಆರಿಸಿ ಬಂದವರು ಸಂಗನಗೌಡ ಬಸನಗೌಡ ಪಾಟೀಲರು, ಮಂದಿ ಬಾಯಲ್ಲಿ ಎಸ್.ಬಿ. ಪಾಟೀಲರು. ಆ ವರ್ಷದ ಕಥೆಯನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು, ಯಾಕೆಂದರೆ ರಾಜ್ಯದ ರಾಜಕಾರಣವೆಲ್ಲ ಆಗ ನಮ್ಮ ಈ ದಕ್ಷಿಣ ಸೀಮೆಯಲ್ಲೇ ಸುತ್ತಾಡಿತು.

1958ರಿಂದ ಮುಖ್ಯಮಂತ್ರಿಯಾಗಿದ್ದವರು ಜಮಖಂಡಿಯ ಶಾಸಕರಾದ ಜತ್ತಿಯವರು. 1962ರಲ್ಲಿ ಕಾಂಗ್ರೆಸ್ ಗೆದ್ದಿತು. ಆದರೆ ಹಿರಿಯ ನಾಯಕರಾದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ತಾವೇ ಸೋತಿದ್ದರು. ಆಗ ಮುಖ್ಯಮಂತ್ರಿಯಾದವರು ನಮ್ಮ ಹುನಗುಂದದ ಶಾಸಕರು, ಎಸ್.ಆರ್. ಕಂಠಿಯವರು. ಕೆರೂರಿನಲ್ಲಿ ಹುಟ್ಟಿದವರು, ವಕೀಲರು, 1956ರಿಂದ 1962ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು. 1962ರ ಮಾರ್ಚ್ 14ರಂದು ಗದ್ದಿಗೆ ಏರಿದರು. ನಿಜಲಿಂಗಪ್ಪನವರಿಗೆ ಒಂದು ಕ್ಷೇತ್ರ ಬೇಕಲ್ಲ, ಬಾಗಲಕೋಟೆಯಿಂದ ಗೆದ್ದವರು ತಮ್ಮ ಸ್ಥಾನ ಬಿಟ್ಟುಕೊಟ್ಟರು, ಅಲ್ಲಿಂದ ನಿಜಲಿಂಗಪ್ಪನವರು ಅವಿರೋಧವಾಗಿ ಆರಿಸಿ ಬಂದರು. ಜೂನ್ 20ಕ್ಕೆ ಕಂಠಿಯವರು ಯಾವ ತಕರಾರೂ ಇಲ್ಲದೆ ಕುರ್ಚಿ ಬಿಟ್ಟರು. ಮೂರು ತಿಂಗಳ ಮ್ಯಾಲೊಂದು ವಾರ ಅಷ್ಟೇ. ಕೂತ ಕುರ್ಚಿ ಬಿಟ್ಟುಕೊಟ್ಟದ್ದಕ್ಕೆ ಮಂದಿ ಅವರನ್ನು ರಾಮಾಯಣದ ಭರತನಿಗೆ ಹೋಲಿಸಿದರು. ಆಮೇಲೆ ಅವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಶಿಕ್ಷಣ ಮಂತ್ರಿಗಳಾಗಿ ಕೆಲಸ ಮಾಡಿದರು. ಒಂದು ಸಂಘದ ಅಧ್ಯಕ್ಷನ ಖುರ್ಚಿ ಬಿಡಿಸಬೇಕಾದರೂ ಎಷ್ಟು ಗದ್ದಲ ಆಗುತ್ತದೆ ಎಂಬುದನ್ನು ಬಲ್ಲ ನಮಗೆ ಈ ಮಾತು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಈಗ ನೋಡ್ರಿ. ಜತ್ತಿಯವರ ಜಮಖಂಡಿ, ಕಂಠಿಯವರ ಹುನಗುಂದ, ನಿಜಲಿಂಗಪ್ಪನವರನ್ನು ಕಳಿಸಿದ ಬಾಗಲಕೋಟೆ. ಒಬ್ಬರ ಹಿಂದೊಬ್ಬರಂತೆ ಮೂವರು ಮುಖ್ಯಮಂತ್ರಿಗಳು ಈ ಒಂದೇ ಸೀಮೆಯ ಮೂರು ವಿಧಾನಸಭಾ ಕ್ಷೇತ್ರಗಳಿಂದ ಬಂದರು. ಆದರೂ ಹೊಳೆಯ ಈಚೆಗೆ ಒಂದು ಜಿಲ್ಲಾ ಕಚೇರಿ ಬರಲಿಲ್ಲ. ದೊಡ್ಡವರು ನಮ್ಮಿಂದ ಆರಿಸಿ ಹೋದದ್ದು ನಮ್ಮ ಹೆಮ್ಮೆ, ಸುಳ್ಳಲ್ಲ. ಆದರೆ ಹೆಮ್ಮೆಯಿಂದ ಹೊಳೆ ದಾಟುವ ಕಷ್ಟ ಕಡಿಮೆಯಾಗಲಿಲ್ಲ. ಯಾರನ್ನೂ ದೂರಿ ಹೇಳುತ್ತಿಲ್ಲ. ನಮ್ಮವರೂ ಆಗ ಅದನ್ನು ಗಟ್ಟಿಯಾಗಿ ಕೇಳಲಿಲ್ಲ ಅಂತ ನಮಗನಿಸುತ್ತದೆ.

ಎಸ್.ಬಿ. ಪಾಟೀಲರು ವಿಜಾಪುರ ದಕ್ಷಿಣದ ಸದಸ್ಯರಾಗಿದ್ದಾಗಲೇ, 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಅವತ್ತು ನೆರೆದವರಿಗೆ ನೀರು ಬರುವುದು ಕಂಡಿತು, ಊರು ಹೋಗುವುದು ಕಾಣಲಿಲ್ಲ. ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಹಳ್ಳಿಗಳು, ಬಾಗಲಕೋಟೆ ಪೇಟೆಯ ದೊಡ್ಡ ಭಾಗ ಮುಳುಗಡೆಯಾದವು, ನವನಗರ ಕಟ್ಟಬೇಕಾಯಿತು. ಕಾಮಗಾರಿ ಪೂರ್ತಿಯಾಗಿ, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಅಡಿಗಲ್ಲಿನಿಂದ ಅಲ್ಲಿಗೆ 42 ವರ್ಷ. ಅಡಿಗಲ್ಲು ಬಿದ್ದಾಗ ಕ್ಷೇತ್ರದ ಹೆಸರು ಒಂದು, ಜಲಾಶಯ ತುಂಬಿದಾಗ ಇನ್ನೊಂದು. ಎರಡು ಕ್ಷೇತ್ರಗಳ ನಡುವಿನ ಗೆರೆಯಾಗಿದ್ದ ಹೊಳೆಯೇ ಸಮುದ್ರದಂತೆ ಹರಡಿತು. ಮತದಾರರ ಯಾದಿಯಲ್ಲಿ ಹಳೆ ಊರಿನ ಹೆಸರಿನ ಬದಲು ಪುನರ್ವಸತಿ ಕೇಂದ್ರದ ಹೆಸರು ಬಂತು. 2010ರ ಡಿಸೆಂಬರದಲ್ಲಿ ಎರಡನೇ ಕೃಷ್ಣಾ ನ್ಯಾಯಾಧಿಕರಣ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಅದರ ಕೆಳಗೆ ಇನ್ನೂ ಹಳ್ಳಿಗಳಿವೆ, ಓಟೂ ಇವೆ.

1967ಕ್ಕೆ ಕ್ಷೇತ್ರಗಳ ಗೆರೆ ಮತ್ತೆ ಎಳೆದಾಗ ಉತ್ತರ ದಕ್ಷಿಣ ಹೋಗಿ ವಿಜಾಪುರ, ಬಾಗಲಕೋಟೆ ಎಂದಾಯಿತು. ದಕ್ಷಿಣ ಅಂದರೆ ಇನ್ನೊಬ್ಬರ ಮನೆಯ ಪಡಸಾಲೆ ಇದ್ದಂತೆ. ಬಾಗಲಕೋಟೆ ಅಂದರೆ ಸ್ವಂತ ಬಾಗಿಲು. ಆ ಹೆಸರಿನ ಮೊದಲ ಸದಸ್ಯರೂ ಎಸ್.ಬಿ. ಪಾಟೀಲರೇ. 1971, 1977ರಲ್ಲೂ ಅವರೇ ಗೆದ್ದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಒಂದು ಹೋಳಿಗೆ ನಿಜಲಿಂಗಪ್ಪನವರೇ ಮುಖ್ಯಸ್ಥರು. ಆದರೂ ಅವರನ್ನು ಒಮ್ಮೆ ಅವಿರೋಧ ಕಳಿಸಿದ್ದ ಈ ಸೀಮೆ 1971ರಲ್ಲಿ ಇಂದಿರಾ ಗಾಂಧಿಯವರ ಕಡೆ ನಿಂತಿತು. ಜೋಡೆತ್ತು ಹೋಗಿ ಆಕಳು-ಕರು ಬಂದಿತ್ತು.

ಸ್ವಂತ ಹೆಸರು ಬಂದ ಮೇಲೆ ಹೊರಗಿನ ದೊಡ್ಡವರ ಕಣ್ಣೂ ಇತ್ತ ಬಿತ್ತು. 1980ರಲ್ಲಿ ಚಿಂಚೋಳಿಯ ವೀರೇಂದ್ರ ಪಾಟೀಲರು ಇಲ್ಲಿಂದ ಗೆದ್ದರು. ಇವರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರು, ಎರಡು ವರ್ಷದಾಗ ಅದೇ ಇಂದಿರಾ ಕಾಂಗ್ರೆಸ್ಸಿನಿಂದ ಇಲ್ಲಿ ಬಂದು ಕೇಂದ್ರ ಮಂತ್ರಿಯಾದರು. 1984ರಲ್ಲಿ ಎಚ್.ಬಿ. ಪಾಟೀಲರು, 1989ರಲ್ಲಿ ಎಸ್.ಟಿ. ಪಾಟೀಲರು.

1991ರದು ಮಾತ್ರ ಮರೆಯುವಂಥದ್ದಲ್ಲ. ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಜನತಾದಳದಿಂದ ಬಾಗಲಕೋಟೆಗೆ ಬಂದು ನಿಂತರು. ಎದುರಿಗೆ ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡರು. ಯಾರು ಇವರು ಅಂದರೆ, ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡ ಬ್ಯಾರೇಜ್ ಕಟ್ಟಿಸಿದವರು. ಸರಕಾರದ ದಾರಿ ಕಾಯದೆ ಕೃಷ್ಣಾ ತೀರದ ರೈತರೇ ಸಂಘ ಮಾಡಿ, ರೊಕ್ಕ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಮುಗಿಸಿದ ಕೆಲಸ ಅದು. ಹೆಸರು ಶ್ರಮಬಿಂದು ಸಾಗರ. ದೇಶವೇ ಬಲ್ಲ ಹೆಗಡೆಯವರನ್ನು ಈ ರೈತ ಸೋಲಿಸಿದರು, ಕೇಂದ್ರದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಮಂತ್ರಿಯೂ ಆದರು. ಪೇಪರಿನವರು ಇದಕ್ಕೆ ಬೇರೆ ಬೇರೆ ಕಾರಣ ಬರೆದರು. ನಮ್ಮ ಮಂದಿಗೆ ಬ್ಯಾರೇಜ್ ಕಾಣುತ್ತಿತ್ತು, ನೀರು ಕಾಣುತ್ತಿತ್ತು. ಸಹಕಾರದಿಂದ ಹೀಗೂ ಒಂದು ಕೆಲಸ ಆಗುತ್ತದೆ ಎಂಬುದಕ್ಕೆ ನಮ್ಮ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಗೊತ್ತಿಲ್ಲ. ಹೆಗಡೆಯವರು ಮುಂದೆ ಲೋಕಶಕ್ತಿ ಪಕ್ಷ ಕಟ್ಟಿದಾಗ, 1998ರಲ್ಲಿ ಅದೇ ಬಾಗಲಕೋಟೆಯವರು ಆ ಪಕ್ಷದ ಅಜಯಕುಮಾರ ಸರನಾಯಕರನ್ನು ಗೆಲ್ಲಿಸಿದರು. ಓಟುದಾರನ ಮನಸ್ಸು! ಅದಕ್ಕೂ ಮೊದಲು 1996ರಲ್ಲಿ ಜನತಾದಳದ ಎಚ್.ವೈ. ಮೇಟಿಯವರು, ಆಮೇಲೆ 1999ರಲ್ಲಿ ಕಾಂಗ್ರೆಸ್ಸಿನ ಆರ್.ಎಸ್. ಪಾಟೀಲರು ಆರಿಸಿ ಬಂದರು. 2004ರಿಂದ 2024ರವರೆಗಿನ ಐದೂ ಚುನಾವಣೆಗಳಲ್ಲಿ ಬಿಜೆಪಿಯ ಪಿ.ಸಿ. ಗದ್ದಿಗೌಡರು ಗೆದ್ದಿದ್ದಾರೆ. ಎಸ್.ಬಿ. ಪಾಟೀಲರ ನಾಲ್ಕು ಗೆಲುವಿನ ದಾಖಲೆ ಹೀಗೆ ಹಿಂದೆ ಬಿತ್ತು.

ನಡುವೆ 1997ರ ಆಗಸ್ಟ್ 15. ಜೆ.ಎಚ್. ಪಟೇಲರ ಸರಕಾರ ಆ ವರ್ಷ ಏಳು ಹೊಸ ಜಿಲ್ಲೆ ಮಾಡಿತು, ಅದರಲ್ಲಿ ಬಾಗಲಕೋಟೆಯೂ ಒಂದು. ನಾವಾಗ ಶಾಲೆಯ ಹುಡುಗರು, ಧ್ವಜವಂದನೆಗೆ ಸಾಲಾಗಿ ನಿಂತವರು. ಅವತ್ತು ಹಂಚಿದ ಪೇಢೆ ಸ್ವಾತಂತ್ರ್ಯದ್ದೋ ಜಿಲ್ಲೆಯದ್ದೋ ತಿಳಿಯಲಿಲ್ಲ. ಜಿಲ್ಲೆಯ ಗೆರೆ ನೋಡಿದರೆ ಹೊಸದೇನೂ ಅಲ್ಲ. ಹುನಗುಂದ, ಬದಾಮಿ, ಬಾಗಲಕೋಟೆ, ಬೀಳಗಿ, ಮುಧೋಳ, ಜಮಖಂಡಿ ಈ ಆರು ತಾಲೂಕು. ಹೆಚ್ಚು ಕಡಿಮೆ 1952ರ ಆ ದಕ್ಷಿಣ ಹೋಳೇ ಕಲೆಕ್ಟರ ಕಚೇರಿ ಇಟ್ಟುಕೊಂಡು ಮತ್ತೆ ಎದ್ದು ಬಂದಂತೆ. ವಿಜಾಪುರ 2014ರಿಂದ ಸರಕಾರಿ ಕಾಗದದಾಗ ವಿಜಯಪುರ ಆಗಿದೆ.

2008ರಲ್ಲಿ ಗೆರೆಗಳು ಇನ್ನೊಮ್ಮೆ ಬದಲಾದವು. ನಮ್ಮ ಮಗ್ಗಲದ ಗುಳೇದಗುಡ್ಡ ವಿಧಾನಸಭಾ ಕ್ಷೇತ್ರ ಅಳಿಸಿಹೋಯಿತು, ತೇರದಾಳ ಹೊಸದಾಗಿ ಬಂತು. ಖಣಕ್ಕೆ ಹೆಸರಾದ ಅಂಥ ನೇಕಾರರ ಪೇಟೆಗೆ ತನ್ನ ಹೆಸರಿನ ಶಾಸಕ ಇಲ್ಲದಂತಾಯಿತು. ಅಲ್ಲಿಯವರಿಗೆ ಇದು ಇನ್ನೂ ನೋವಿನ ಮಾತು. ಲೋಕಸಭೆಗೆ ಗದಗ ಜಿಲ್ಲೆಯ ನರಗುಂದವೂ ನಮ್ಮ ಜೊತೆ ಸೇರಿದೆ, ಹೀಗೆ ಈಗ ಎಂಟು ವಿಧಾನಸಭಾ ಕ್ಷೇತ್ರ. 2026ರ ನಂತರದ ಮೊದಲ ಜನಗಣತಿಯವರೆಗೆ ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆ ಮುಟ್ಟಬಾರದು ಅಂತ 2001ರ 84ನೇ ತಿದ್ದುಪಡಿ ಹೇಳಿತ್ತು. ಆ ಗಡುವು ಸಮೀಪ ಬಂದಾಗಿನಿಂದ ಎಲ್ಲಿಯ ಸ್ಥಾನ ಹೆಚ್ಚುತ್ತದೆ, ಎಲ್ಲಿಯದು ಕಡಿಮೆಯಾಗುತ್ತದೆ ಎಂಬ ಚರ್ಚೆ ದಕ್ಷಿಣದ ರಾಜ್ಯಗಳಲ್ಲೆಲ್ಲ ನಡೆದಿದೆ. ಕರಡು ಪಟ್ಟಿ ಹೊರಬಿದ್ದಾಗ ತಕರಾರು ಸಲ್ಲಿಸಲು ಕಾಯಿದೆಯಲ್ಲಿ ಅವಕಾಶವಿದೆ. ಗುಳೇದಗುಡ್ಡದ ಕಥೆ ಕಣ್ಣ ಮುಂದಿರುವಾಗ ನಮ್ಮ ಊರಿನ ಹಿರಿಯರು, ಸಂಘದವರು ಆ ಪಟ್ಟಿಯನ್ನು ಆಗಲೇ ಓದಬೇಕು, ಅಂತಿಮ ಆದೇಶ ಬಂದ ಮ್ಯಾಲೆ ಅಲ್ಲ.

ವಿಜಾಪುರ ದಕ್ಷಿಣದ ಹೆಸರು ಈಗ ಉಳಿದಿರುವುದು ಲೋಕಸಭೆಯ ಹಳೆ ಸದಸ್ಯರ ಯಾದಿಯಲ್ಲಿ ಮಾತ್ರ. ಬಿದರಿಯವರ ಹೆಸರಿನ ಮುಂದೆ ಎರಡು ಸಲ, ಎಸ್.ಬಿ. ಪಾಟೀಲರ ಹೆಸರಿನ ಮುಂದೆ ಒಂದು ಸಲ.